ಒಣಗಿಸಿದ ದೋಣಿ

ಮಾವನ ದೋಣಿಯನ್ನು ನೀರಿನಿಂದ ದಡಕ್ಕೆ ಎಳೆದ ದಿನ ನಾನು ಅಲ್ಲಿದ್ದೆ. ಇದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ನಾನು ಅಲ್ಲಿರಲೇ ಇಲ್ಲ ಎಂದು ನಮ್ಮನೆಯವರು ಹೇಳುತ್ತಾರೆ. ಅವತ್ತು ನಾನು ತಂಗಿಯ ಜೊತೆ ದೊಡ್ಡಮಳೂರಿನ ದೇವಸ್ಥಾನಕ್ಕೆ, ಹರಕೆಯ ತೊಟ್ಟಿಲು ಕಟ್ಟಲು ಹೋಗಿದ್ದೆನಂತೆ. ಮಾವನೂ ನಾನಿರಲಿಲ್ಲ ಅನ್ನುತ್ತಾನೆ, ಆದರೆ ಅವನ ಪ್ರಕಾರ ನಾನು ಕೋಡಿಹಳ್ಳಿಯಲ್ಲಿ ಯಾರದೋ ಮದುವೆಯ ಊಟಕ್ಕೆ ಕೂತಿದ್ದೆ. ನಾನು ಎಲ್ಲಿದ್ದೆ ಎನ್ನುವುದರಲ್ಲಿ ಇಬ್ಬರದೂ ಬೇರೆ ಬೇರೆ ಮಾತು. ಅಲ್ಲಿರಲಿಲ್ಲ ಎನ್ನುವುದರಲ್ಲಿ ಮಾತ್ರ ಒಂದೇ ಮಾತು.

ನನ್ನ ನೆನಪಿನಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಿಂತಿದ್ದೇನೆ. ಬಿಸಿಲು ಹಿಂದಿನಿಂದ ಹೊಡೆಯುತ್ತಿದೆ. ಹಗ್ಗ ಹಿಡಿದವರಿಗೆ ನಾನು ಹೇಳುತ್ತಿದ್ದೇನೆ: ದೋಣಿಯನ್ನು ಒಣಗಿಸಬೇಡಿ, ಒಣಗಿದರೆ ಸಂದು ಬಿಡುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಇಷ್ಟು ಸ್ಪಷ್ಟವಾಗಿರುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಮೈಸೂರಿನಲ್ಲಿ ಇತಿಹಾಸ ಓದಿ, ರಾಮನಗರದ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದವಳು ನಾನು. ಗಟ್ಟಿಯಾಗಿ ಹೇಳಿದ್ದೆಲ್ಲ ನಿಜವಾಗುವುದಿಲ್ಲ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ಇದ್ದರೂ ಆ ಬೇಸಿಗೆಯಲ್ಲಿ ನಾನು ಏನೂ ಬರೆದಿರಲಿಲ್ಲ. ಬರೆದಿದ್ದರೂ ಇವರಿಬ್ಬರು ಒಪ್ಪುತ್ತಿದ್ದರೇ?

ಮಾವ ಎಂದರೆ ನನ್ನ ತಾಯಿಯ ತಮ್ಮ. ಕಣ್ವ ಜಲಾಶಯದ ದಡದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದವನು. ನಮ್ಮನೆಯವರಿಗೆ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಸಣ್ಣ ಕಾರ್ಖಾನೆ ಇದೆ. ದೋಣಿಯ ಜಗಳ ಹಳೆಯದೇ ಆದರೂ ಅದನ್ನು ಎಲ್ಲರೂ ಮರೆತು ಸುಮ್ಮನಿದ್ದೆವು. ಈ ವರ್ಷ ಅದು ಮತ್ತೆ ಎದ್ದದ್ದು ಕುರಿಗಳ ದೆಸೆಯಿಂದ. ಮಾವನ ಕುರಿ ಮಾವನ ಹಟ್ಟಿಯಲ್ಲೇ ಉಳಿಯಬೇಕಾದರೆ ದೋಣಿ ಮತ್ತೆ ನೀರಿಗೆ ಇಳಿಯಬೇಕಾಗಿತ್ತು.

ಆ ದೋಣಿ ನಮ್ಮ ಕಡೆಯದಲ್ಲ. ಜಲಾಶಯದ ಮೀನಿನ ಗುತ್ತಿಗೆ ಹಿಡಿದಿದ್ದವನೊಬ್ಬ ಅದನ್ನು ಕರಾವಳಿಯಿಂದ ಲಾರಿಯ ಮೇಲೆ ತಂದ. ನಮ್ಮ ನೀರಿಗೆ ಹರಿಗೋಲು ಸಾಕಾಗಿತ್ತು, ಅವನಿಗೆ ದೊಡ್ಡದೇ ಬೇಕಿತ್ತು. ಲಾರಿ ಹಳ್ಳಿಯ ತಿರುವಿನಲ್ಲಿ ಸಿಕ್ಕಿಕೊಂಡು, ಯಾರದೋ ಹಿಪ್ಪುನೇರಳೆ ತೋಟದ ಬೇಲಿ ಕಿತ್ತು ದಾರಿ ಮಾಡಬೇಕಾಯಿತು. ದೋಣಿಯ ಜೊತೆಗೆ ಅದನ್ನು ನಡೆಸುವ ಮನುಷ್ಯನೂ ಬಂದಿದ್ದ. ಬಾಯಿ ತುಂಬ ಎಲೆ ಅಡಿಕೆ, ಅದಕ್ಕಿಂತ ಹೆಚ್ಚು ಮಾತು. ಅವನನ್ನು ನಂಬುವುದಾದರೆ ದೋಣಿ ಅವನ ಅಪ್ಪನ ಕಾಲದ್ದು. ನದಿ ಸಮುದ್ರಕ್ಕೆ ಸೇರುವ ಕಡೆ ಹೆಂಚು, ತೆಂಗಿನಕಾಯಿ, ಮರಳು ಹೊತ್ತು ಹಾಯಿ ಬಿಚ್ಚಿಕೊಂಡು ಓಡಾಡಿದ್ದು. ಕೆಲವು ಸಲ ಸಮುದ್ರದ ಅಂಚು ಹಿಡಿದು ಬೇರೆ ಬಂದರಿಗೂ ಹೋಗಿ ಬಂದದ್ದು. ನದಿಗೆ ಸೇತುವೆಗಳಾದ ಮೇಲೆ ಹೆಂಚು ಲಾರಿ ಹತ್ತಿತು, ದೋಣಿ ದಡದ ತೆಂಗಿನ ಮರಕ್ಕೆ ಕಟ್ಟಿಸಿಕೊಂಡು ನಿಂತಿತು. ಅವನು ಒಂದು ಸಲ ಹೇಳುವಾಗ ಈ ಕಥೆಯಲ್ಲಿ ದೊಡ್ಡ ಬಿರುಗಾಳಿ ಇರುತ್ತಿತ್ತು, ಇನ್ನೊಂದು ಸಲ ಇರುತ್ತಿರಲಿಲ್ಲ. ಆದರೆ ಮೀನೆಣ್ಣೆ ಕುಡಿದು ಕಪ್ಪಾಗಿದ್ದ ಹೆಬ್ಬಲಸಿನ ಹಲಗೆ, ಹಗ್ಗ ಉಜ್ಜಿ ಉಜ್ಜಿ ಸವೆದಿದ್ದ ಅಂಚು, ನಡುವೆ ಕಂಬ ನಿಲ್ಲಿಸುವ ಕುಳಿ, ಇವನ್ನು ನಾನು ಮುಟ್ಟಿ ನೋಡಿದ್ದೆ. ಆ ದೋಣಿ ಕೆಲಸ ಮಾಡಿದ ದೋಣಿ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ.

ಗುತ್ತಿಗೆದಾರನಿಗೆ ಮೀನು ಕೈ ಹತ್ತಲಿಲ್ಲ. ಅವನು ಬಿಟ್ಟುಹೋದ. ಕರಾವಳಿಯ ಮನುಷ್ಯ ಇನ್ನೊಂದು ಮಳೆಗಾಲ ಇದ್ದು, ಮಾವನಿಗೆ ಕಂಬ ಎತ್ತುವುದು, ಚುಕ್ಕಾಣಿ ಹಿಡಿಯುವುದು, ಹಾಯಿ ಬಿಗಿಯುವುದು ಕಲಿಸಿ ಊರಿಗೆ ಹೋದ. ವಾಪಸ್ ಸಾಗಿಸುವ ಗೋಜು ಯಾರಿಗೂ ಬೇಡವಾಗಿ ದೋಣಿ ಮಾವನ ಪಾಲಿಗೆ ಉಳಿಯಿತು.

ಮಾವ ಅದರಲ್ಲಿ ಕುರಿ ದಾಟಿಸಿದ. ಆಚೆ ದಡದಲ್ಲಿ ಬೆಟ್ಟದ ಬುಡದ ತನಕ ಹುಲ್ಲು, ಅತ್ತೆಯ ತವರಿನವರು ಕೊಟ್ಟ ಒಂದು ಪಟ್ಟಿ ಹೊಲ. ಹರಿಗೋಲಿಗೆ ಕುರಿ ಹತ್ತಿಸಿದರೆ ಅದು ಗಿರಗಿರ ತಿರುಗುತ್ತಿತ್ತು, ಕುರಿ ಗಾಬರಿಯಾಗಿ ಒಂದೇ ಕಡೆಗೆ ನುಗ್ಗುತ್ತಿದ್ದವು. ಈ ದೋಣಿಯ ತಳ ಅಗಲ. ಕುರಿ ಅಲ್ಲಾಡದೆ ನಿಲ್ಲುತ್ತಿದ್ದವು. ಬೆಳಿಗ್ಗೆ ಆಚೆಗೆ, ಸಂಜೆ ಈಚೆಗೆ. ಬರುವಾಗ ಹಿಪ್ಪುನೇರಳೆ ಸೊಪ್ಪಿನ ಹೊರೆ, ಊರಿನವರ ಸೌದೆ, ಕೆಲವು ಸಲ ಆಚೆ ಊರಿನ ಬಾಣಂತಿ ಮತ್ತು ಅವಳ ತಾಯಿ. ಹೋಗುವಾಗ ಹಾಯಿ, ಬರುವಾಗ ಹುಟ್ಟು. ಆಷಾಢದ ಗಾಳಿ ಪಡುವಣದಿಂದ ಎದ್ದರೆ ದೋಣಿ ತಾನೇ ಓಡುತ್ತಿತ್ತು, ಮಾವ ಕೈ ಕಟ್ಟಿಕೊಂಡು ಕೂರುತ್ತಿದ್ದ.

ಮೊದಲಿನ ಬಟ್ಟೆಯ ಹಾಯಿ ಹರಿದಾಗ ಮಾವ ಹುಟ್ಟುಹಬ್ಬದ ಶುಭಾಶಯದ ಒಂದು ದೊಡ್ಡ ಫ್ಲೆಕ್ಸ್ ಬಿಚ್ಚಿಕೊಂಡು ಬಂದು ಕಂಬಕ್ಕೆ ಕಟ್ಟಿದ. ಯಾವುದೋ ಮುಖಂಡರು ಕೈ ಮುಗಿದುಕೊಂಡು ನೀರಿನ ಮೇಲೆ ಬರತೊಡಗಿದರು. ಬಟ್ಟೆ ಒಗೆಯುವ ಹೆಂಗಸರಿಗೆ ಅದೇ ಹಬ್ಬ.

"ಸೆರಗು ಸರಿ ಮಾಡ್ಕಳ್ರೇ, ಸಾಹೇಬ್ರು ಬತ್ತಾವ್ರೆ!"

"ವೋಟ್ ಕೇಳಕ್ಕೆ ಬಂದೋರು ಆಮ್ಯಾಕೆ ಈ ಕಡೆ ತಲೆ ಹಾಕಿರ್ಲಿಲ್ಲ. ಈಗ ನೋಡು, ದಿನಾ ಬತ್ತಾವ್ರೆ, ಕುರಿ ಕಾಯಕ್ಕೆ."

ಅತ್ತೆ ಮಾತ್ರ ನಗುತ್ತಿರಲಿಲ್ಲ. ಫ್ಲೆಕ್ಸ್ ಕಿತ್ತದ್ದಕ್ಕೆ ಯಾರಾದರೂ ಜಗಳಕ್ಕೆ ಬಂದಾರು ಎಂದು ಅವಳಿಗೆ ಭಯ. ಒಂದು ದಿನ ಮಸಿಯಿಂದ ಮುಖಂಡರಿಗೆ ದಪ್ಪ ಮೀಸೆ, ಗಡ್ಡ ಬರೆದು ಗುರುತು ಸಿಗದಂತೆ ಮಾಡಿದಳು. ಇದು ನನಗೆ ನೆನಪಿದೆ, ಅತ್ತೆಗೂ ನೆನಪಿದೆ. ಇಬ್ಬರು ಒಪ್ಪುವ ಇಂಥ ಸಂಗತಿ ಸಿಕ್ಕಿದರೆ ನನಗೆ ಎಷ್ಟು ಸಮಾಧಾನವಾಗುತ್ತದೆಂದು ಹೇಳಲಾರೆ.

ಕೆಲವು ವರ್ಷ ಹೀಗೆ ನಡೆಯಿತು. ಹಲಗೆಗಳ ಸಂದಿಗೆ ತುರುಕಿದ್ದ ಹತ್ತಿ ಕೊಳೆತು ನೀರು ಒಸರತೊಡಗಿದಾಗ ಮಾವ ಅಳಿಯನಿಗೆ ಹೇಳಿ ಕಳಿಸಿದ. ಮರದ ವಿಷಯ, ಚನ್ನಪಟ್ಟಣದ ಅಳಿಯ, ಬೇರೆ ಯಾರನ್ನು ಕೇಳುತ್ತಾನೆ? ನಮ್ಮನೆಯವರು ಬಂದು ಬೆರಳ ಗೆಣ್ಣಿನಿಂದ ಹಲಗೆಯನ್ನು ಕುಟ್ಟಿ ಕಿವಿಯಿಟ್ಟರು.

"ಮಾವ, ಇದು ಪೂರ್ತಿ ಹಸಿ. ಹಸಿ ಮರದ ಮೇಲೆ ಏನ್ ಬಳುದ್ರೂ ನಿಲ್ಲಲ್ಲ. ಮೇಲಕ್ಕೆ ಎಳ್ಸಿ. ಬೇಸಿಗೆ ಪೂರ್ತಿ ಒಣಗ್ಲಿ."

ನಮ್ಮ ಊರಿನಲ್ಲಿ ಇದು ಹಾಲು ಕಾಯಿಸಿ ಕುಡಿಯಬೇಕು ಎನ್ನುವಷ್ಟು ಸಹಜವಾದ ಮಾತು. ಗೊಂಬೆಗೆ ತರುವ ಆಲೆಮರವನ್ನು ಸಿಪ್ಪೆ ತೆಗೆದು ನೆರಳಿನಲ್ಲಿ ಜೋಡಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಹಸಿಯಿದ್ದಾಗ ಲೇತಿಗೆ ಕೊಟ್ಟರೆ ಆಮೇಲೆ ಗೊಂಬೆಯ ತಲೆ ಬಿರುಕು ಬಿಡುತ್ತದೆ, ಅರಗು ಕಚ್ಚುವುದಿಲ್ಲ. ನಮ್ಮ ಮನೆಯಲ್ಲಿ ಹೊಸ ಮುದ್ದೆ ಕೋಲನ್ನೂ ನಮ್ಮನೆಯವರ ತಾಯಿ ಅಟ್ಟದಲ್ಲಿ ಒಣಗಿಸಿಯೇ ಕೆಳಗಿಳಿಸುತ್ತಿದ್ದರು. ನೀರಿನಲ್ಲಿದ್ದು ನೀರು ಕುಡಿದು ಉಬ್ಬಿಕೊಂಡೇ ಸಂದು ಮುಚ್ಚಿಕೊಳ್ಳುವ ಮರವೂ ಇರುತ್ತದೆ ಎಂಬುದು ಯಾರ ಅನುಭವಕ್ಕೂ ಬಂದ ವಿಷಯವಲ್ಲ. ನಮ್ಮನೆಯವರು ಉಡಾಫೆಯಿಂದ ಹಾಗೆ ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನೆಲ್ಲ ಆ ದೋಣಿಗೆ ಧಾರೆ ಎರೆದರು. ಅದಕ್ಕೇ ನನಗೆ ಇನ್ನೂ ಸಿಟ್ಟು.

ದೋಣಿ ದಡಕ್ಕೆ ಬಂತು. ನಾನು ಆ ಮಾತು ಹೇಳಿದೆ, ಅಥವಾ ಹೇಳಲಿಲ್ಲ. ಬೇಸಿಗೆಯ ಬಿಸಿಲಿಗೆ ಹಲಗೆ ಒಣಗಿ ಕುಗ್ಗಿ, ಸಂದಿಯಲ್ಲಿ ಆಚೆಯ ಬೆಟ್ಟ ಕಾಣುವಷ್ಟಾಯಿತು. ನಮ್ಮನೆಯವರು ಖುಷಿಪಟ್ಟರು, "ಈಗ ನೋಡು, ಹದಕ್ಕೆ ಬಂತು." ಕಾರ್ಖಾನೆಯ ಮರದ ಪುಡಿಗೆ ಕರಗಿಸಿದ ಅರಗು ಕಲಸಿ ಸಂದಿಗೆ ತುಂಬಿದರು. ಮೇಲೆ ಮತ್ತೆ ಅರಗು. ಬಣ್ಣದ ತುಂಡುಗಳು ಉಳಿದಿದ್ದವು, ಕೆಂಪು, ಹಳದಿ, ಒಂದಿಷ್ಟು ಹಸಿರು. ಮುಗಿದಾಗ ಆ ಕಪ್ಪು ಮುದಿ ದೋಣಿ ಯಾವುದೋ ರಾಕ್ಷಸನ ಮಗುವಿನ ಆಟಿಕೆಯಂತೆ ಕಾಣುತ್ತಿತ್ತು. ಊರಿನವರು ಬಂದು ಫೋಟೊ ತೆಗೆಸಿಕೊಂಡರು.

ನೀರಿಗೆ ಇಳಿಸಿದ ದಿನ ನಾನು ಅಲ್ಲಿದ್ದೆ, ಇದನ್ನು ಎಲ್ಲರೂ ಒಪ್ಪುತ್ತಾರೆ. ತೆಂಗಿನಕಾಯಿ ಒಡೆದರು. ಸ್ವಲ್ಪ ಹೊತ್ತು ಚೆನ್ನಾಗಿಯೇ ತೇಲಿತು. ಆಮೇಲೆ ಕಡಲೆ ಹುರಿಯುವಾಗ ಸಿಡಿಯುವಂಥ ಚಟಪಟ ಸದ್ದು. ನೀರು ತಗುಲಿದ ಹಲಗೆ ಒಂದೊಂದೂ ಒಂದೊಂದು ರೀತಿ ಉಬ್ಬುತ್ತಿತ್ತು, ಗಾಜಿನಂಥ ಅರಗು ಅದರ ಜೊತೆ ಬಾಗಲಾರದೆ ಸೀಳಿ ಹಾರುತ್ತಿತ್ತು. ನೀರಿನ ಮೇಲೆ ಕೆಂಪು ಹಳದಿ ಚೂರು. ದೋಣಿ ಸೊಂಟದಷ್ಟು ನೀರಿನಲ್ಲಿ, ಯಾವ ಆತುರವೂ ಇಲ್ಲದೆ, ಕೂತುಕೊಂಡಿತು.

"ಗುತ್ತಿಗೆದಾರ ಕಳಪೆ ಮಾಲು ತಂದವ್ನೆ," ಎಂದರು ನಮ್ಮನೆಯವರು.

"ಅದೇಯಾ," ಎಂದ ಮಾವ.

ತೀರ್ಪು ಅಷ್ಟರಲ್ಲೇ ಆಗಿಹೋಯಿತು. ಎತ್ತಿ ತಂದು ಹೊಂಗೆಮರದ ಕೆಳಗೆ ಹಾಕಿದರು. ಮುಂದಿನ ವರ್ಷಗಳಲ್ಲಿ ಜಲಾಶಯದ ನೀರೇ ಇಳಿದು, ಕುರಿಗಳು ತಳದ ಮೇಲೆ ನಡೆದೇ ಆಚೆ ದಡಕ್ಕೆ ಹೋಗತೊಡಗಿದ್ದರಿಂದ ದೋಣಿಯ ನೆನಪು ಯಾರಿಗೂ ಬರಲಿಲ್ಲ. ಅದರಲ್ಲಿ ಕೋಳಿ ಮೊಟ್ಟೆಯಿಟ್ಟವು. ಅತ್ತೆ ಒಣಮೆಣಸಿನಕಾಯಿ ಹರವಿದಳು. ಮೀಸೆ ಬರೆದ ಫ್ಲೆಕ್ಸ್ ಕೊಟ್ಟಿಗೆಗೆ ಮರೆಯಾಯಿತು.

ಈಗ ನೀರು ಬಂದಿದೆ. ದೂರದಿಂದ ಪಂಪ್ ಮಾಡಿ ತುಂಬಿಸಿದ ನೀರು, ಬೇಸಿಗೆಯಲ್ಲೂ ಇಳಿಯದ ನೀರು. ಊರಿಗೆ ಒಳ್ಳೆಯದೇ ಆಯಿತು, ಬೋರ್‌ವೆಲ್‌ಗಳು ಚೇತರಿಸಿಕೊಂಡವು. ಮಾವನ ಕುರಿಯ ದಾರಿ ಮಾತ್ರ ಮುಳುಗಿತು. ಆಚೆ ಹುಲ್ಲಿಗೆ ಹೋಗಬೇಕಾದರೆ ಏರಿ ಸುತ್ತಿ, ಕಲ್ಲು ಕ್ವಾರಿಯ ಟಿಪ್ಪರ್‌ಗಳು ಓಡುವ ರಸ್ತೆಯಲ್ಲಿ ಹೋಗಬೇಕು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಟಿಪ್ಪರ್ ಒಂದು ಹಿಂಡಿನ ನಡುವೆ ನುಗ್ಗಿತು. ಗಬ್ಬದ ಕುರಿ ಒಂದು ಸತ್ತಿತು, ಇನ್ನೊಂದರ ಕಾಲು ಹೋಯಿತು. ಮಾವ ರಸ್ತೆಯ ಪಕ್ಕಕ್ಕೆ ಹಾರಿ ಮೊಣಕೈ ತರಚಿಸಿಕೊಂಡ.

ಅತ್ತೆ ಅವತ್ತೇ ಹೇಳಿದಳು, "ಬಕ್ರೀದ್‌ಗೆ ವ್ಯಾಪಾರದೋನು ಬತ್ತಾನಲ್ಲ, ಎಲ್ಲಾನೂ ಒಟ್ಗೆ ಕೊಟ್ಬುಡಾನ. ಕುರಿ ಹಿಂದೆ ನೀನೂ ಚಕ್ರದಡಿ ಹೋಗದು ಬ್ಯಾಡ."

ಮಾವ ಎರಡು ದಿನ ಊಟದ ಹೊತ್ತಿಗೂ ಹಟ್ಟಿಯಿಂದ ಒಳಗೆ ಬರಲಿಲ್ಲವಂತೆ. ಅವನ ಅಪ್ಪನ ಕಾಲದಿಂದ ಮರಿಯ ಮೇಲೆ ಮರಿಯಾಗಿ ಬಂದ ಹಿಂಡು ಅದು. ಹಟ್ಟಿ ಖಾಲಿ ಮಾಡಿದವನು ಎಂದು ಹೇಳಿಸಿಕೊಳ್ಳುವುದು ಅವನಿಂದ ಆಗದು. ಮೂರನೆಯ ದಿನ ನಮ್ಮನೆಯವರಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿತ್ತು, ನಾನು ರೊಟ್ಟಿ ತಟ್ಟುತ್ತಿದ್ದೆ.

"ಅಳಿಯಂದ್ರೇ, ದೋಣಿ ಇಳ್ಸಾನ. ಅದೇ ಇದ್ರೆ ಕುರಿ ಉಳ್ಕತ್ತವೆ. ಈ ಸಲ ಅರಗು ಒಸಿ ದಪ್ಪಕ್ಕೆ ಬಳ್ದ್ರಾಯ್ತು."

"ಆಯ್ತು ಮಾವ. ಈಗಂತೂ ಮರ ಚೆನ್ನಾಗಿ ಒಣಗೈತೆ."

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಾನು ಕೂಗಿಕೊಂಡೆ ಎಂದು ಕಾಣುತ್ತದೆ, ಏಕೆಂದರೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು.

ಭಾನುವಾರ ಮೂವರೂ ಹೊಂಗೆಮರದ ಕೆಳಗೆ ಕೂತೆವು. ನಾನು ಹೇಳಿದ್ದು ಇಷ್ಟು: ಅರಗನ್ನೆಲ್ಲ ಕೆರೆದು ತೆಗೆಯಬೇಕು, ದೋಣಿಗೆ ಕಲ್ಲು ತುಂಬಿ ದಡದ ಹತ್ತಿರ ಮುಳುಗಿಸಬೇಕು, ಕೆಲವು ವಾರ ಹಾಗೇ ಬಿಡಬೇಕು. ಮರ ನೀರು ಕುಡಿದು ಉಬ್ಬುತ್ತದೆ, ಸಂದು ಮುಚ್ಚುತ್ತದೆ.

ಮಾವ ನನ್ನ ಮುಖವನ್ನೇ ನೋಡಿದ. "ಮುಳುಗ್ಬಾರ್ದು ಅಂತ ತಾನೆ ಕಣವ್ವ ನಾವ್ ಇಷ್ಟ್ ಒದ್ದಾಡ್ತಿರೋದು? ನೀನು ಮೊದ್ಲೇ ಮುಳುಗ್ಸು ಅಂತೀಯಲ್ಲ."

"ಆ ಕರಾವಳಿಯವನು ಹಾಗೇ ಮಾಡ್ತಿದ್ದ ಮಾವ. ದೀಪಾವಳಿ ಆದ್ಮೇಲೆ ದೋಣಿಗೆ ನೀರು ತುಂಬಿಸಿ ಬಿಡ್ತಿದ್ದ. ನೀನೇ ಪಕ್ಕದಲ್ಲಿದ್ದೆ."

"ತೊಳೀತಿದ್ದ ಅವ್ನು."

"ತೊಳೆಯೋಕೆ ಕಲ್ಲು ಯಾಕೆ ತುಂಬ್ತಾರೆ?"

"ಕಲ್ಲಾ? ಕಲ್ಲು ಯಾವೂ ನಾ ನೋಡ್ಲಿಲ್ಲ."

ಅಲ್ಲಿಗೆ ನಾನು ನಿಂತೆ. ಕಲ್ಲನ್ನು ನಾನು ನೋಡಿದ್ದೆನೇ? ಮರದ ದೋಣಿಗಳ ಬಗ್ಗೆ ಆಮೇಲೆ ಅಲ್ಲಿ ಇಲ್ಲಿ ಓದಿದ್ದೇನೆ, ವಿಡಿಯೊಗಳನ್ನು ನೋಡಿದ್ದೇನೆ. ಅಲ್ಲಿನ ಕಲ್ಲುಗಳು ನನ್ನ ನೆನಪಿನ ದೋಣಿಗೆ ಬಂದು ಬಿದ್ದಿರಬಹುದು. ಆ ಮನುಷ್ಯನನ್ನೇ ಕೇಳೋಣವೆಂದು ಮಾವನ ಹಳೆಯ ಫೋನಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಹಾಸನದ ಯಾರೋ ಹೆಂಗಸು ಎತ್ತಿ, ದೋಣಿ ಎಂದ ಕೂಡಲೇ ನಮ್ಮನ್ನು ಬೈದು ಇಟ್ಟಳು.

ಕೊನೆಗೆ ಅತ್ತೆ, ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವಳು, ತಲೆ ಎತ್ತದೆ ಹೇಳಿದಳು:

"ಒಣಗ್ಸಿ ನೋಡಿದ್ದಾಯ್ತು, ನೆನ್ಸೂ ನೋಡಿ. ವ್ಯಾಪಾರದೋನು ಬರಗಂಟ ಟೈಮೈತೆ. ತೇಲುದ್ರೆ ಕುರಿ ಮಡಿಕ್ಕಳಿ, ನಾನು ಬಾಯಿ ಬುಡಲ್ಲ. ತೇಲ್ನಿಲ್ಲ ಅಂದ್ರೆ ಅವನ್ಗೆ ಹೂಂ ಅಂತೀನಿ."

ಅರಗನ್ನು ಕೆರೆದವರು ನಮ್ಮನೆಯವರೇ. ಬೇರೆಯವರಿಗೆ ಉಳಿ ಕೊಡಲಿಲ್ಲ. ಗಂಟುಮುಖ ಹಾಕಿಕೊಂಡು ಕೆರೆದರು. ಎಲ್ಲೋ ಒಂದು ಕಡೆ ಅರಗು ಬಿಗಿಯಾಗಿ ಹಿಡಿದಿದ್ದರೆ ಮಾತ್ರ ನನ್ನನ್ನು ಕರೆದು ತೋರಿಸುತ್ತಿದ್ದರು. "ನೋಡು, ಇಷ್ಟು ವರ್ಷ ಆದ್ರೂ ಹೆಂಗ್ ಹಿಡ್ಕಂಡೈತೆ." ನಾನು ನೋಡುತ್ತಿದ್ದೆ. ಆ ಕೆಂಪು ಇನ್ನೂ ಮಾಸಿರಲಿಲ್ಲ. ಹೊಗಳಬೇಕು ಅನ್ನಿಸಿದರೂ ಹೊಗಳಲಿಲ್ಲ.

ಕಲ್ಲು ತುಂಬಿ ಮುಳುಗಿಸುವ ದಿನ ದಡದಲ್ಲಿ ಜಾತ್ರೆ.

"ಏನ್ಲಾ ಇದು, ದೋಣಿಗೆ ತಿಥಿ ಮಾಡ್ತಾವ್ರಾ?"

"ಮೇಡಮ್ಮು ಓದಿರೋರು ಕಣ್ಲಾ. ಮುಳುಗಿದ್ರೆ ತೇಲ್ತದೆ ಅಂತ ಪುಸ್ತಕದಾಗೆ ಐತಂತೆ."

"ಹಂಗಾದ್ರೆ ನಮ್ಮ ಸೊಸೈಟಿ ಅಧ್ಯಕ್ಷನ್ನೂ ಒಂದ್ ವಾರ ಮುಳುಗ್ಸಿ ನೋಡಾನ."

ನಾನು ಪ್ರತಿ ಭಾನುವಾರ ಬಸ್ಸು ಹತ್ತಿ ಹೋದೆ. ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಮುಳುಗಿದ ಹಲಗೆಗಳ ಸಂದಿಯಲ್ಲಿ ಬೆರಳಾಡಿಸುತ್ತಿದ್ದೆ. ಮೊದಲ ವಾರ ಬೆರಳಿನ ತುದಿ ಸಂದಿಯೊಳಗೆ ಹೋಗುತ್ತಿತ್ತು. ಆಮೇಲೆ ಉಗುರು ಮಾತ್ರ. ಆಮೇಲೆ ಉಗುರೂ ಹೋಗದಾಯಿತು. ಸಂದು ಮುಚ್ಚಿತ್ತು. ನಮ್ಮನೆಯವರು ಒಂದು ಸಲ ನನಗೆ ಕಾಣದಂತೆ, ಕೈ ತೊಳೆಯುವ ನೆಪದಲ್ಲಿ ಬಗ್ಗಿ, ತಾವೂ ಸವರಿ ನೋಡಿದರು. ಬಸ್ಸಿನಲ್ಲಿ ಬರುವಾಗ ನಾನು ಅವರನ್ನು ಏನೂ ಕೇಳಲಿಲ್ಲ. ನಾನು ಹೇಳಿದ್ದು ಸರಿ ಎಂದು ಅವರು ತಾವಾಗಿ ಹೇಳಲಿ ಎಂದು ಚನ್ನಪಟ್ಟಣದವರೆಗೂ ಕಾದೆ. ಹೇಳಲಿಲ್ಲ.

ವ್ಯಾಪಾರಿ ಬರುವ ವಾರವೂ ಬಂತು. ಕಲ್ಲು ತೆಗೆದು, ನೀರು ಮೊಗೆದು ಹಾಕಿದೆವು. ದೋಣಿ ತನ್ನಷ್ಟಕ್ಕೆ ತಾನೇ ಎದ್ದಿತು. ಒಳಗೆ ಒಂದು ಕಡೆ ಸ್ವಲ್ಪ ಒಸರುತ್ತಿತ್ತು, ಅಷ್ಟೇ. ದಡದಲ್ಲಿದ್ದವರ ಹಾಸ್ಯ ನಿಂತಿತು. ಮಾವನ ಮುಖ ನೋಡಬೇಕಿತ್ತು. ಎರಡು ಕುರಿಯನ್ನು ಎತ್ತಿ ಒಳಗೆ ಬಿಟ್ಟ, ತಾನೂ ಹತ್ತಿದ, ಗಳುವಿನಿಂದ ನೆಲ ಮೀಟಿ ದೋಣಿಯನ್ನು ತಳ್ಳಿದ. ಇನ್ನೊಂದು ಸಲ ಬಲವಾಗಿ ಮೀಟಲು ಹಿಂದಿನ ತುದಿಗೆ ಹೋಗಿ ಕಾಲೂರಿದ.

ಕಾಲು ಹಲಗೆಯ ಮೂಲಕ ಕೆಳಗೆ ಹೋಯಿತು. ಸದ್ದೇ ಇಲ್ಲ. ಬೆಂದ ಗೆಣಸಿಗೆ ಬೆರಳು ಇಳಿದ ಹಾಗೆ. ನೀರು ಕಾರಂಜಿಯಂತೆ ಎದ್ದು, ಕುರಿಗಳು ಹಾರಿ ಈಜಿಕೊಂಡು ದಡ ಸೇರಿದವು. ಮಾವ ತೊಡೆಯವರೆಗೆ ಹಲಗೆಯಲ್ಲಿ ಸಿಕ್ಕಿ, ಗಳು ಹಿಡಿದುಕೊಂಡೇ, ದೋಣಿಯ ಜೊತೆ ಕೂತ. ನಾಲ್ಕು ಜನ ಹೋಗಿ ಬಿಡಿಸಿಕೊಂಡು ಬಂದರು.

ಹಿಂದಿನ ತುದಿಯ ತಳ ಇಷ್ಟು ವರ್ಷ ಮಣ್ಣಿಗೆ ತಾಗಿಕೊಂಡು ಬಿದ್ದಿತ್ತು. ಗೆದ್ದಲು ಒಳಗಿನಿಂದ ತಿಂದಿದ್ದವು. ಮೇಲಿನ ತೆಳು ಪದರ ಮಾತ್ರ ಹಲಗೆಯ ಹಾಗೆ ಉಳಿದಿತ್ತು.

"ಗೆದ್ಲು," ಎಂದರು ನಮ್ಮನೆಯವರು. "ನನ್ನ ಅರಗಲ್ಲ."

"ಗೆದ್ದಲು ಬಂದದ್ದು ನೆಲದ ಮೇಲಿದ್ದದ್ದಕ್ಕೆ. ನೆಲದ ಮೇಲೆ ಯಾಕಿತ್ತು? ಒಣಗಲಿ ಅಂತ ನೀವು ಎಳೆಸಿದ್ದಕ್ಕೆ."

"ಅರಗು ಬಳ್ದಿದ್ ಕಡೆ ಒಂದು ಗೆದ್ಲೂ ಮುಟ್ಟಿಲ್ಲ. ಬೇಕಾದ್ರೆ ನೀನೇ ನೋಡು."

ನೋಡಿದೆ. ನಿಜವಾಗಿತ್ತು. ಅರಗು ಇದ್ದ ಹಲಗೆಗಳೆಲ್ಲ ಗಟ್ಟಿಯಾಗಿದ್ದವು. ದೋಣಿಯನ್ನು ಮಗುಚಿ ಹಾಕದೆ ಬಳಿದಿದ್ದರಿಂದ ನೆಲಕ್ಕೆ ತಾಗಿದ್ದ ಆ ಒಂದು ಜಾಗಕ್ಕೆ ಮಾತ್ರ ಅರಗು ಬಿದ್ದಿರಲಿಲ್ಲ. ಅವರು ಸರಿಯಾಗಿಯೇ ಇದ್ದರು, ನಾನೂ ಸರಿಯಾಗಿದ್ದೆ, ಕುರಿ ಈಚೆ ದಡದಲ್ಲೇ ಇದ್ದವು. ನನಗೆ ಆಗ ಅಲ್ಲಿ ಕೂತು ಅಳುವಷ್ಟು ಕೋಪ ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ರಾಮನಗರದಿಂದ ಒಬ್ಬ ಬಡಗಿಯನ್ನು ಕರೆತಂದೆ. ಅವನು ಹಲಗೆಯ ಬಾಗು ನೋಡಿ ತಲೆ ಕೆರೆದುಕೊಂಡ. "ಬಾಗ್ಲು, ಕಿಟ್ಕಿ ಆದ್ರೆ ಹೇಳಿ ಮೇಡಂ. ಇದ್ಕೆಲ್ಲ ನಾನ್ ಕೈ ಹಾಕಲ್ಲ." ಇನ್ನೊಬ್ಬನನ್ನು ಹುಡುಕುವಷ್ಟರಲ್ಲಿ ವ್ಯಾಪಾರಿ ಬಂದ.

ಅತ್ತೆ ಹೂಂ ಎಂದಳು. ಹೇಳಿದ ಮಾತಿಗೆ ತಪ್ಪುವವಳಲ್ಲ. ಮಾವ ಹಟ್ಟಿಯ ಬಾಗಿಲು ತೆಗೆದು, ಒಂದೊಂದನ್ನೂ ತಾನೇ ಹಿಡಿದು ಗೂಡ್ಸ್ ವಾಹನಕ್ಕೆ ಹತ್ತಿಸಿದ. ಅವು ಗಲಾಟೆ ಮಾಡದೆ ಹತ್ತಿದವು. ದೋಣಿ ಹತ್ತಿದ ಅಭ್ಯಾಸ ಎಂದು ಬರೆಯಲು ಕೈ ಹೋಯಿತು. ಆದರೆ ದೋಣಿಯ ಕಾಲದ ಕುರಿ ಒಂದೂ ಆ ಹಿಂಡಿನಲ್ಲಿರಲಿಲ್ಲ, ಕುರಿ ಅಷ್ಟು ವರ್ಷ ಬದುಕುವುದಿಲ್ಲ. ವ್ಯಾಪಾರಿ ಮುಂದೆ ಸೊಪ್ಪು ಹಿಡಿದಿದ್ದ, ಅದಕ್ಕೇ ಹತ್ತಿದವು. ಟಿಪ್ಪರ್‌ಗೆ ಕಾಲು ಕೊಟ್ಟಿದ್ದನ್ನು ಮಾತ್ರ ವ್ಯಾಪಾರಿ ಬೇಡವೆಂದ. ಅದು ಹಟ್ಟಿಯ ಮೂಲೆಯಲ್ಲಿ ಉಳಿಯಿತು.

ಒಂದು ತಿಂಗಳ ಮೇಲೆ ಹಳ್ಳಿಗೆ ಹೋಗಿದ್ದೆ. ಬಸ್ಸಿಳಿದ ಕಡೆ ಟೀ ಅಂಗಡಿಯಲ್ಲಿ ಮಾವ ಯಾರಿಗೋ ಕಥೆ ಹೇಳುತ್ತಿದ್ದ. ನನಗೆ ಬೆನ್ನು ಮಾಡಿ ಕೂತಿದ್ದ.

"ಬಣ್ಣ ಗಿಣ್ಣ ಬಳ್ದು ಮಡಗಿದ್ವಿ ಕಣಪ್ಪಾ, ಸುಮ್ನೆ ಇಳ್ಸಿದ್ರೆ ಆಯ್ತಿತ್ತು. ನಮ್ ಅಕ್ಕನ ಮಗ್ಳು ಬಂದು ಮುಳುಗ್ಸಿಬುಟ್ಲು."

"ಮುಳುಗ್ಸಿದ್ಲಾ? ಬೇಕೂಂತಲೇ?"

"ಊಂ, ಬೇಕೂಂತಲೇ. ಕಲ್ಲು ತುಂಬಿ."

ನಾನು ಅಲ್ಲಿ ನಿಲ್ಲದೆ ನೇರ ಮನೆಗೆ ನಡೆದೆ. ಅತ್ತೆ ಕುಂಟ ಕುರಿಗೆ ಸೊಪ್ಪು ಕತ್ತರಿಸಿ ಹಾಕುತ್ತಿದ್ದಳು. ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಎಳೆಸಿದ ದಿನ ನಾನು ಇರಲೇ ಇಲ್ಲ ಅನ್ನುತ್ತಾರೆ, ಒಣಗಿಸಿದ್ದು ಯಾರ ಬಾಯಲ್ಲೂ ಬರುವುದಿಲ್ಲ, ಗೆದ್ದಲು ಕೂಡ ಕಥೆಯಿಂದ ಹೋಗಿಬಿಟ್ಟಿದೆ, ಈಗ ನಾನೊಬ್ಬಳೇ ಉಳಿದಿದ್ದೇನೆ, ನೀನಾದರೂ ಹೇಳಬಾರದೇ ಅತ್ತೆ, ಎಂದೆ.

ಅತ್ತೆ ಮಚ್ಚು ಕೆಳಗಿಟ್ಟು ಸ್ವಲ್ಪ ಯೋಚಿಸಿದಳು. ನಿಜಕ್ಕೂ ಯೋಚಿಸಿದಳು, ನನ್ನನ್ನು ಸಮಾಧಾನ ಮಾಡುವ ಹಾಗೆ ಕಾಣಲಿಲ್ಲ.

"ಕಲ್ಲು ತುಂಬ್ಸಿದ್ದು ನೀನೇ ಅಲ್ವೇನವ್ವಾ?"

"ಹೌದು, ಆದರೆ..."

"ಮತ್ತೆ?"

ಕುರಿ ಮೂರು ಕಾಲಿನ ಮೇಲೆ ಎದ್ದು ನಿಂತು ಇನ್ನಷ್ಟು ಸೊಪ್ಪಿಗೆ ಕುತ್ತಿಗೆ ಚಾಚಿತು. ಅತ್ತೆ ಮತ್ತೆ ಮಚ್ಚು ಎತ್ತಿಕೊಂಡಳು. "ನಿಂತೇ ಇದ್ದೀಯಲ್ಲ, ಆ ಹೊರೆ ಒಸಿ ಈ ಕಡೆ ಎಳಿ," ಎಂದಳು. ನಾನು ಎಳೆದುಕೊಟ್ಟೆ.